ಅಜ್ಜಿಯ ಟ್ರಂಕಿನ ಕಾಗದಗಳು: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ನಾನೂ ನಿನ್ನ ಅಮ್ಮನೂ ಇಲ್ಲಿ ಕ್ಷೇಮವಾಗಿದ್ದೇವೆ. ಅಟ್ಟದಿಂದ ಇಳಿಸಿದ ಅಜ್ಜಿಯ ಟ್ರಂಕುಗಳ ವಿಷಯ ಹೇಳಿದಾಗ, ಮುಖ್ಯವಾದ ಕಾಗದಗಳನ್ನು ಸ್ಕ್ಯಾನ್ ಮಾಡಿಸಿಟ್ಟುಕೊಂಡು ಉಳಿದದ್ದನ್ನು ರದ್ದಿಗೆ ಹಾಕಿಬಿಡಿ ಎಂದು ನೀನು ಫೋನಿನಲ್ಲಿ ಹೇಳಿದೆ. ಗೆದ್ದಲು, ಮಳೆಗಾಲದ ತೇವ, ನಮ್ಮಿಬ್ಬರ ವಯಸ್ಸು ಇವನ್ನೆಲ್ಲ ನೋಡಿದರೆ ಸಲಹೆ ಸರಿಯಾಗಿಯೇ ಇದೆ. ಆದರೆ ಯಾವುದು ಮುಖ್ಯ, ಯಾವುದು ರದ್ದಿ ಎಂಬುದನ್ನು ತೀರ್ಮಾನಿಸಲು ಕುಳಿತವನಿಗೆ ಅದು ಅಷ್ಟು ಸುಲಭವೆನಿಸಲಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಅಜ್ಜ ಇಟ್ಟಿದ್ದ ಕಾಗದಗಳು ಒಂದು ಟ್ರಂಕಿನಲ್ಲಿವೆ: ಕಂದಾಯದ ರಸೀದಿಗಳು, ಛಾಪಾ ಕಾಗದಗಳು, ಪಹಣಿಯ ನಕಲುಗಳು. ಅಜ್ಜಿಯ ಟ್ರಂಕುಗಳಲ್ಲಿ ಚಂದಮಾಮ, ಕಸ್ತೂರಿ, ಸುಧಾ, ಮಯೂರಗಳ ಹಳೆಯ ಸಂಚಿಕೆಗಳೂ, ಪತ್ರಿಕೆಗಳಿಂದ ಕತ್ತರಿಸಿಟ್ಟ ಚೂರುಗಳೂ, ಮನೆಖರ್ಚಿನ ಲೆಕ್ಕದ ಪುಸ್ತಕಗಳೂ, ತವರಿನಿಂದ ಬಂದ ಕಾಗದಗಳೂ ಇವೆ. ಕಸ್ತೂರಿಯ 1956ರ ಮೊದಲ ಸಂಚಿಕೆಗಳು ದೊಡ್ಡ ಗ್ರಂಥಾಲಯಗಳಲ್ಲಿ ಹುಡುಕಿದರೆ ಸಿಕ್ಕಾವು. ಆದರೆ ನಮ್ಮ ಪ್ರತಿಯ ಅಂಚಿನಲ್ಲಿ ಅಜ್ಜಿ ಪೆನ್ಸಿಲಿನಿಂದ ಬರೆದಿಟ್ಟ ಹಾಲಿನ ಲೆಕ್ಕ ಬೇರೆಲ್ಲೂ ಸಿಗುವುದಿಲ್ಲ. ನೀನು ಸ್ಕ್ಯಾನ್ ಮಾಡಿಸು ಎನ್ನುವುದು ಅಚ್ಚಾದ ಪುಟವನ್ನು. ನಾನು ಓದುತ್ತಾ ಕುಳಿತದ್ದು ಹೆಚ್ಚಾಗಿ ಅಂಚನ್ನು.

ಲೆಕ್ಕದ ಪುಸ್ತಕವನ್ನೇ ನೋಡು. 1957ರ ಏಪ್ರಿಲ್ 1ರಂದು ದೇಶದಲ್ಲಿ ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂತು ಎಂದು ನೀನು ಶಾಲೆಯಲ್ಲಿ ಒಂದು ಸಾಲಿನಲ್ಲಿ ಓದಿರಬಹುದು. ಅದುವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇತ್ತು. ಹೊಸ ಲೆಕ್ಕದಲ್ಲಿ ರೂಪಾಯಿಗೆ 100 ನಯಾ ಪೈಸೆಯಾದ್ದರಿಂದ ಆಣೆಗೆ ಆರೂಕಾಲು ಬೀಳುತ್ತಿತ್ತು. ಕಾಲು ಪೈಸೆಯ ನಾಣ್ಯ ಇರಲಿಲ್ಲವಾಗಿ ಸರ್ಕಾರವೇ ಒಂದು ಕೋಷ್ಟಕ ಮಾಡಿ ಒಂದು ಆಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25 ಎಂದು ಗೊತ್ತುಮಾಡಿತು. ಪತ್ರಿಕೆಯಲ್ಲಿ ಬಂದ ಆ ಕೋಷ್ಟಕವನ್ನು ಅಜ್ಜಿ ಕತ್ತರಿಸಿ ಪುಸ್ತಕದ ರಟ್ಟಿನ ಒಳಗೆ ಅಂಟಿಸಿದ್ದಾಳೆ. ಒಂದೊಂದು ಆಣೆಯ ನಾಲ್ಕು ಸಾಮಾನುಗಳನ್ನು ಒಟ್ಟಿಗೆ ಕೊಂಡರೆ 25 ನಯಾ ಪೈಸೆ, ಬೇರೆ ಬೇರೆಯಾಗಿ ಕೊಂಡರೆ 24 ಎಂಬುದು ಅವಳಿಗೆ ಬೇಗನೆ ಹೊಳೆದಿರಬೇಕು. ಆ ವರ್ಷ ಬೆಂಕಿಪೊಟ್ಟಣ, ವೀಳ್ಯದೆಲೆ, ಉಪ್ಪು ಇವೆಲ್ಲ ಒಂದೇ ಅಂಗಡಿಯ ಹೆಸರಿನ ಕೆಳಗೆ ಬೇರೆ ಬೇರೆ ದಿನಗಳಲ್ಲಿ ಕಾಣಿಸಿಕೊಳ್ಳುತ್ತವೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳ ಗಣಿತ ಇದು. ಆದರೂ ವರ್ಷಗಟ್ಟಲೆ ಅವಳು ಪುಟಕ್ಕೆ ಎರಡು ಕಲಮು ಎಳೆದು ಆಣೆಯನ್ನೂ ಬರೆಯುತ್ತಲೇ ಬಂದಿದ್ದಾಳೆ. 1962ರ ಹೊತ್ತಿಗೆ ಕಿಲೋ ತೂಕವೇ ಕಡ್ಡಾಯವಾಗಿದ್ದರೂ ನಮ್ಮ ಅಡುಗೆಮನೆಯಲ್ಲಿ ಅಕ್ಕಿ ಕೊನೆಯವರೆಗೂ ಸೇರು, ಪಾವುಗಳಲ್ಲೇ ಅಳೆಯಲ್ಪಟ್ಟಿತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಮೇಲೂ ಅಜ್ಜನಿಗೆ ಬಂದ ಎಷ್ಟೋ ಲಕೋಟೆಗಳ ಮೇಲೆ ಮೈಸೂರು ರಾಜ್ಯವೇ ಇದೆ. ಪುಸ್ತಕದಲ್ಲಿ ಒಂದು ತಾರೀಖಿಗೆ ಮುಗಿದುಹೋಗುವ ಸಂಗತಿ ಮನೆಯ ಹೊಸ್ತಿಲು ದಾಟಿ ಒಳಗೆ ಬರಲು ಎಷ್ಟು ಕಾಲ ತೆಗೆದುಕೊಳ್ಳುತ್ತಿತ್ತು ಎಂಬುದು ನನಗೆ ತಿಳಿದದ್ದು ಈ ಕಾಗದಗಳಿಂದ.

ಆದರೆ ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿದ್ದು ಅಜ್ಜಿಯ ಅಣ್ಣ, ಅಂದರೆ ನನ್ನ ಸೋದರಮಾವ, ಬರೆದ ಕಾಗದಗಳ ಕಟ್ಟು. ನೀನು ಅವರನ್ನು ನೋಡಿಲ್ಲ. ಅವರ ಮನೆಯೂ ಅಡಿಕೆ ತೋಟವೂ ಇದ್ದದ್ದು ಸಾಗರ ತಾಲ್ಲೂಕಿನ ಶರಾವತಿ ಕಣಿವೆಯಲ್ಲಿ. ಹಿರೇಭಾಸ್ಕರ ಅಣೆಕಟ್ಟೆಯ ನೀರಿನಿಂದ 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಗಿತ್ತು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆ ಎಷ್ಟು ದೊಡ್ಡದೆಂದರೆ, ಆ ಹಳೆಯ ಅಣೆಕಟ್ಟೆಯೇ ಅದರ ಹಿನ್ನೀರಿನೊಳಗೆ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದು ಈಗಲೂ ಮೇಲೆ ಕಾಣಿಸಿಕೊಳ್ಳುತ್ತದೆ, ಜನ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ.

ಮಾವ ಇಂಗ್ಲಿಷ್ ತಾರೀಖು ಹಾಕುತ್ತಿದ್ದವರಲ್ಲ. ಸಂವತ್ಸರ, ಮಾಸ, ತಿಥಿ ಇಷ್ಟೇ ಅವರ ದಿನಾಂಕ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುವುದರಿಂದ ಇಂಥ ಕಾಗದಗಳಲ್ಲಿ ಕಾಲ ಹಿಡಿಯಲು ಬೇರೆ ಗುರುತು ಬೇಕು, ಮತ್ತು ಇಲ್ಲಿ ಅಂಚೆಚೀಟಿಯ ಮೇಲಿನ ನಯಾ ಪೈಸೆ ಆ ಕೆಲಸ ಮಾಡುತ್ತದೆ. ಶಾರ್ವರಿ, ಎಂದರೆ 1960ರ ಆಸುಪಾಸಿನ ಕಾಗದದಲ್ಲಿ, ಅಳತೆಯವರು ಬಂದು ಅಡಿಕೆ, ತೆಂಗು, ಹಲಸಿನ ಮರಗಳನ್ನು ಒಂದೊಂದಾಗಿ ಎಣಿಸಿಕೊಂಡು ಹೋದರೆಂದೂ, ಫಲಕ್ಕೆ ಬಾರದ ಸಸಿಗಳನ್ನು ಯಾವ ಲೆಕ್ಕಕ್ಕೆ ಹಿಡಿಯುತ್ತಾರೋ ತಿಳಿಯದೆಂದೂ ಬರೆದಿದ್ದಾರೆ. ಮರುವರ್ಷ ಪ್ಲವದಲ್ಲಿ, ಮುಳುಗಡೆ ಖಚಿತವೆಂದು ಗೊತ್ತಿದ್ದೂ, ತೋಟದ ಕೆಳಭಾಗಕ್ಕೆ ಹೊಸ ಸಸಿ ಹಾಕಿಸಿದ ಸುದ್ದಿ ಇದೆ. ಕಾರಣ ಹೇಳಿಲ್ಲ, ಅಜ್ಜಿಯೂ ಕೇಳಿದಂತಿಲ್ಲ. ಶುಭಕೃತಿನಲ್ಲಿ ಹಳೆಯ ಬಾಗಿಲುವಾಡವನ್ನೂ ಎರಡು ಕಂಬಗಳನ್ನೂ ನಿಮ್ಮ ಕೊಟ್ಟಿಗೆಯಲ್ಲಿ ಇಟ್ಟುಕೊಳ್ಳಲಾದೀತೇ ಎಂದು ಭಾವನನ್ನು ವಿಚಾರಿಸಿದ್ದಾರೆ. ಶೋಭಕೃತ್ ಮಾಘದ ಕಾರ್ಡು, ಅಂದರೆ 1964ರ ಆರಂಭದ್ದು, ತೀರಾ ಚಿಕ್ಕದು: ಸಾಮಾನನ್ನು ಲಾರಿಗೆ ಏರಿಸಿದ್ದಾಯಿತು, ದನಗಳನ್ನು ನಡೆಸಿಕೊಂಡು ಹುಡುಗರು ಮುಂದೆ ಹೋಗಿದ್ದಾರೆ, ಇನ್ನು ಈ ವಿಳಾಸಕ್ಕೆ ಬರೆಯಬೇಡ. ಮುಂದಿನ ಕಾಗದದ ಮುದ್ರೆ ಶಿವಮೊಗ್ಗದ ಕಡೆಯ ಬೇರೊಂದು ಅಂಚೆ ಕಚೇರಿಯದು, ಅದರಲ್ಲಿ ಹೊಸ ಜಾಗದ ನೀರು ಮಕ್ಕಳಿಗೆ ಹಿಡಿಸುತ್ತಿಲ್ಲವೆಂಬ ದೂರು ಬಿಟ್ಟರೆ ಹಳೆಯ ಊರಿನ ಮಾತೇ ಇಲ್ಲ.

ಈ ಕಟ್ಟನ್ನು ಅಜ್ಜಿ ಒಂದು ಪತ್ರಿಕೆಯ ಹಾಳೆಯಲ್ಲಿ ಸುತ್ತಿ ದಾರ ಕಟ್ಟಿದ್ದಳು. ಬಿಚ್ಚಿ ನೋಡಿದರೆ ಆ ಹಾಳೆಯಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ಚಿತ್ರವೂ ನಾಡಿಗೆ ಬರಲಿರುವ ಬೆಳಕಿನ ವರ್ಣನೆಯೂ ಇದೆ. ಅವಳು ಬೇಕೆಂದೇ ಆ ಹಾಳೆ ಆರಿಸಿಕೊಂಡಳೋ, ಕೈಗೆ ಸಿಕ್ಕಿದ್ದು ಅದೇ ಆಗಿತ್ತೋ ಹೇಳಲಾರೆ. ಅಣೆಕಟ್ಟೆಯ ಪೂರ್ಣಮಟ್ಟ 1819 ಅಡಿ ಎಂಬುದನ್ನು ಇಂದಿಗೂ ಪ್ರತಿ ಮಳೆಗಾಲದಲ್ಲಿ ಪತ್ರಿಕೆಗಳು ಅಚ್ಚು ಹಾಕುತ್ತವೆ. ಆ ಗೆರೆಯ ಕೆಳಗೆ ಯಾರ ಮನೆಯ ಅಂಗಳ ಇತ್ತೆಂಬುದಕ್ಕೆ ಇಂಥ ಕಟ್ಟುಗಳನ್ನೇ ಬಿಚ್ಚಬೇಕು. ಈಗ ನೀನು ರದ್ದಿ ಎಂದದ್ದರಲ್ಲಿ ಈ ಸುತ್ತಿದ ಹಾಳೆಯೂ ಸೇರುತ್ತಿತ್ತಲ್ಲವೇ? ಬಿಡಿಯಾಗಿ ಅದು ಒಂದು ಹಳೆಯ ಪತ್ರಿಕೆ, ಅಷ್ಟೆ. ಕಾಗದಗಳನ್ನು ಸ್ಕ್ಯಾನ್ ಮಾಡಿ ಹಾಳೆಯನ್ನು ಎಸೆದಿದ್ದರೆ ಅವೆರಡೂ ಒಟ್ಟಿಗಿದ್ದ ಸಂಗತಿ ಯಾವ ಫೈಲಿನಲ್ಲೂ ಉಳಿಯುತ್ತಿರಲಿಲ್ಲ.

ಅಜ್ಜನ ಟ್ರಂಕಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅಲ್ಲಿಯದು ಒಣ ಭಾಷೆ, ಆದರೆ ಒಂದು ವಿಷಯ ನಿನಗೆ ತಿಳಿದಿರಲಿ. ನಾವು ಮನೆಯ ಮುಂದಿನ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಂತೆ ಗೇಣಿದಾರರು ತಾವು ಉಳುವ ನೆಲದ ಒಡೆತನ ಪಡೆಯಲು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ತಮ್ಮ ಸಾಗುವಳಿಯನ್ನು ತೋರಿಸಬೇಕಿತ್ತು. ಅಜ್ಜ ವರ್ಷವರ್ಷದ ಗೇಣಿ ರಸೀದಿಗಳನ್ನು ಜೋಡಿಸಿಟ್ಟಿದ್ದಾರೆ; ಅವು ಕಾನೂನು ಬರುವುದಕ್ಕೆ ಕೆಲವು ವರ್ಷ ಮೊದಲೇ ನಿಂತುಹೋಗಿವೆ. ಗೇಣಿ ನಿಂತಿರಲಿಲ್ಲ, ಅಜ್ಜಿಯ ಪುಸ್ತಕದಲ್ಲಿ ಭತ್ತ ಅಳೆದುಕೊಟ್ಟ ಲೆಕ್ಕ ಮುಂದುವರಿದಿದೆ. ಒಡೆಯರು ರಸೀದಿ ಕೊಡುವುದನ್ನು ನಿಲ್ಲಿಸಿದ್ದರು ಎಂದೇ ನಾನು ತಿಳಿಯುತ್ತೇನೆ, ಏಕೆಂದರೆ ಮುಂದೊಂದು ದಿನ ಆ ಚೀಟಿ ಸಾಕ್ಷಿಯಾಗುತ್ತದೆಂಬ ಅಂದಾಜು ಎರಡೂ ಕಡೆಯವರಿಗೆ ಇತ್ತು. ಎರಡು ಟ್ರಂಕುಗಳನ್ನು ಪಕ್ಕಪಕ್ಕ ಇಟ್ಟು ಓದದಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಆದ್ದರಿಂದ ಸದ್ಯ ಏನನ್ನೂ ಎಸೆಯುವುದಿಲ್ಲ. ಛಾಪಾ ಕಾಗದಗಳು ಗಟ್ಟಿಯಾಗಿಯೇ ಇವೆ. ಮರದ ತಿರುಳಿನಿಂದ ಮಾಡಿದ ಪತ್ರಿಕೆಯ ಕಾಗದ ಮಾತ್ರ ಹಳದಿಗಟ್ಟಿ ಹಪ್ಪಳದಂತೆ ಮುರಿಯುತ್ತಿದೆ. ತುಕ್ಕು ಹಿಡಿದ ಗುಂಡುಪಿನ್ನುಗಳನ್ನು ತೆಗೆದಿದ್ದೇನೆ, ಹರಿದದ್ದಕ್ಕೆ ಟೇಪು ಹಚ್ಚಬೇಡವೆಂದು ನಿನ್ನ ಅಮ್ಮನಿಗೂ ಹೇಳಿದ್ದೇನೆ. ಅದರ ಅಂಟು ಕೆಲವು ವರ್ಷಗಳಲ್ಲಿ ಕಂದುಕಲೆಯಾಗಿ ಅಕ್ಷರವನ್ನೇ ನುಂಗುತ್ತದೆ. ಯಾವ ಕಾಗದ ಯಾವುದರೊಳಗೆ, ಯಾವುದರ ಮೇಲೆ ಇತ್ತೆಂದು ಒಂದು ನೋಟುಪುಸ್ತಕದಲ್ಲಿ ಬರೆಯುತ್ತಿದ್ದೇನೆ. ದೀಪಾವಳಿಗೆ ಬರುವಾಗ ನಿನ್ನ ಒಳ್ಳೆಯ ಕ್ಯಾಮೆರಾ ತೆಗೆದುಕೊಂಡು ಬಾ. ಫ್ಲ್ಯಾಶ್ ಹಾಕದೆ, ಜಗುಲಿಯ ಬೆಳಕಿನಲ್ಲಿ, ಅಂಚು ಬಿಡದೆ, ಹಿಂಬದಿಯನ್ನೂ ಸೇರಿಸಿ ಒಂದೊಂದನ್ನೇ ತೆಗೆಯೋಣ. ಅಜ್ಜಿ ಅಡುಗೆಯ ವಿಧಾನ ಕತ್ತರಿಸಿಕೊಂಡಿರುವ ಕಡೆ ಸಂಚಿಕೆಯಲ್ಲಿ ಕಿಟಕಿಯಂಥ ತೂತುಗಳಿವೆ, ಅವನ್ನೂ ಹಾಗೆಯೇ ತೆಗೆಯಬೇಕು.

ಮಾವನ ಕಾಗದಗಳ ಮೂಲಪ್ರತಿ ಅವರ ಮೊಮ್ಮಕ್ಕಳಿಗೆ ಸೇರಬೇಕೆಂದು ನನ್ನ ಅಭಿಪ್ರಾಯ. ಅಜ್ಜಿಗೆ ಬರೆದದ್ದು ನಮ್ಮ ಮನೆಯಲ್ಲೇ ಇರಲಿ ಎಂದು ನಿನ್ನ ಅಮ್ಮ ಹೇಳುತ್ತಾಳೆ. ನಿನಗೇನನ್ನಿಸುತ್ತದೆ ಎಂದು ಬರೆ, ಫೋನಿನಲ್ಲಿ ಬೇಡ.

ಇತಿ,
ನಿನ್ನ ಪ್ರೀತಿಯ ಅಪ್ಪ