ಸೀಸನ್ ಮುಗಿಯಿತು, ಥ್ಯಾಂಕ್ಸ್ ಹೇಳುವುದು ಬಾಕಿ ಇದೆ

ಜೂನಿಯರ್ ಅಥ್ಲೆಟಿಕ್ಸ್ ಕೂಟ ಮುಗಿಸಿ ಮಕ್ಕಳೆಲ್ಲ ಊರು ಸೇರಿದ್ದಾರೆ. ಫಲಿತಾಂಶ ನಿಮಗೆಲ್ಲ ಗೊತ್ತಿರುವುದೇ. ಬಸ್ಸಿನ ಖರ್ಚು ಹೊತ್ತ ಹಳೇ ವಿದ್ಯಾರ್ಥಿಗಳಿಗೆ, ಬೆಳಿಗ್ಗೆ ಐದೂವರೆಗೇ ಗೇಟ್ ತೆಗೆದವರಿಗೆ, ಪ್ರಾಕ್ಟೀಸ್ ಮುಗಿದ ಅರ್ಧ ಗಂಟೆಯೊಳಗೆ ರಾಗಿ ಮಾಲ್ಟ್, ಬಾಳೆಹಣ್ಣು, ಬೇಯಿಸಿದ ಮೊಟ್ಟೆ ತಪ್ಪಿಸದ ಅಡುಗೆಯವರಿಗೆ ಒಟ್ಟಾಗಿ ನಮಸ್ಕಾರ.

ಉಳಿದದ್ದೆಲ್ಲ ನಮ್ಮ ಅಸಿಸ್ಟೆಂಟ್ ಕೋಚ್ ಮೇಡಂಗೆ.

ಡೈರಿ ಬರೆಸುವ ಕೋಚ್‌ಗಳು ಬೇಕಾದಷ್ಟಿದ್ದಾರೆ. ನಿದ್ದೆ, ನೀರು, ಊಟ, ಸ್ಟ್ರೆಚಿಂಗ್ ಎಲ್ಲವನ್ನೂ ಒಂದೇ ಸಲ ಹೇರಿ, ಹದಿನೈದು ದಿನಕ್ಕೆ ಕೈಬಿಡುತ್ತಾರೆ. ಮೇಡಂ ಮೊದಲು ಹಿಡಿದದ್ದು ಒಂದನ್ನೇ: ಎಚ್ಚರವಾದ ಕೂಡಲೇ, ಹಾಸಿಗೆ ಬಿಡುವ ಮುನ್ನ, ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ ಬರೆಯುವುದು. ಪುಸ್ತಕ, ಪೆನ್ನು, ವಾಚು ದಿಂಬಿನ ಪಕ್ಕದಲ್ಲೇ. ಅದು ರೂಢಿಯಾದ ಮೇಲೆ ನಿದ್ದೆಯ ಗಂಟೆ. ಆಮೇಲೆ ನೋವು ಎಲ್ಲಿ, ಹತ್ತಕ್ಕೆ ಎಷ್ಟು.

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎನ್ನುವುದು ಬರೀ ಮಾತು. ಯೂನಿವರ್ಸಿಟಿ ಕಾಲೇಜ್ ಲಂಡನ್‌ನವರ ಲೆಕ್ಕದಲ್ಲಿ ಸರಾಸರಿ 66 ದಿನ ಬಂತು. ಆಳಿನಿಂದ ಆಳಿಗೆ 18ರಿಂದ 254ರವರೆಗೆ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ ಎಂಬುದೂ ಅದರಲ್ಲೇ ಇತ್ತು. ಮೇಡಂ ಖಾಲಿ ಪುಟಕ್ಕೆಂದು ಯಾರನ್ನೂ ಎರಡು ರೌಂಡ್ ಹೆಚ್ಚಿಗೆ ಓಡಿಸಲಿಲ್ಲ. ಓಟವನ್ನೇ ಶಿಕ್ಷೆ ಮಾಡಿದರೆ ಮಕ್ಕಳು ವಾರದ ನಾಡಿಯನ್ನು ಒಂದೇ ಕೂತಲ್ಲಿ ಗೀಚಿ ಕೊಡುತ್ತಾರೆ, ಏಳು ದಿನವೂ 62! ನಿಜವಾದ ಲೆಕ್ಕ ಹಾಗಿರುವುದಿಲ್ಲ, ಏರಿಳಿಯುತ್ತದೆ. ಮಾಮೂಲಿಗಿಂತ ಏಳೆಂಟು ಬಡಿತ ಸತತ ಎರಡು ದಿನ ಹೆಚ್ಚಿದ್ದರೆ ಅವತ್ತು 400 ಮೀಟರ್ ರಿಪಿಟೇಶನ್ (ಅದೇ ದೂರವನ್ನು ಮತ್ತೆ ಮತ್ತೆ ವೇಗವಾಗಿ ಓಡುವುದು) ಇಲ್ಲ, 20 ನಿಮಿಷ ಹಗುರ ಜಾಗಿಂಗ್ ಅಷ್ಟೇ. ಜ್ವರವಿದ್ದರೆ ಅದೂ ಇಲ್ಲ.

ನಮ್ಮ ಓಟಗಾರ್ತಿ ಹುಡುಗಿಯೊಬ್ಬಳನ್ನು ಕಾಲುನೋವಿಗೆ ಡಾಕ್ಟರ್‌ಗೆ ತೋರಿಸಬೇಕಾಗಿ ಬಂದ ಆ ರಾತ್ರಿಯ ವಿವರ ಇಲ್ಲಿ ಬೇಡ. ಕಾಲಿನ ಮೂಳೆಯ ನೋವು 3, 3, 5, 7 ಎಂದು ಏರಿದ್ದನ್ನು ಹುಡುಗಿ ಮುಚ್ಚಿಡದೆ ಬರೆದಿದ್ದಳು. ಡಾಕ್ಟರ್ ಮೊದಲು ನೋಡಿದ್ದು ಆ ಪುಟವನ್ನೇ. "ಇನ್ನು ಓಡೋಕಾಗಲ್ಲ ಅಲ್ವಾ ಮೇಡಂ?" ಎಂದು ಅವಳು ಕೇಳುತ್ತಲೇ ಇದ್ದಳಂತೆ. ಮೇಡಂ ಸಮಾಧಾನಕ್ಕೂ ಸುಳ್ಳು ಹೇಳಲಿಲ್ಲ, ಬೆಳಗಿನವರೆಗೆ ಜಾಗ ಬಿಟ್ಟು ಕದಲಲೂ ಇಲ್ಲ. ಇದನ್ನು ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ.

ಮಣ್ಣಿನ ಮೈದಾನದಲ್ಲಿ ಪಳಗಿದ ಕಾಲಿಗೆ ಸಿಂಥೆಟಿಕ್ ಟ್ರ್ಯಾಕ್, ಸ್ಪೈಕ್ಸ್ (ಅಡಿಯಲ್ಲಿ ಮೊಳೆಯಿರುವ ಓಟದ ಶೂ) ಎರಡೂ ಒಟ್ಟಿಗೆ ಬಂದರೆ ಹೊರೆ ತಾಳುವುದಿಲ್ಲ. ಈಗ ನಮ್ಮಲ್ಲಿ ಮೊದಲ ವಾರಗಳಲ್ಲಿ ಸ್ಪೈಕ್ಸ್ ವಾರಕ್ಕೆ ಎರಡೇ ದಿನ, 60 ಮೀಟರಿನ ನಾಲ್ಕು ಓಟ. ಹುಡುಗಿ ನೋವಿಲ್ಲದೆ ನಡೆಯುತ್ತಿದ್ದಾಳೆ. ಜಾಗಿಂಗ್ ಯಾವಾಗ ಎಂಬುದು ಡಾಕ್ಟರ್ ಮಾತು.

ಮೇಡಂ, ಮುಂದಿನ ಬ್ಯಾಚಿಗೆ 200 ಪುಟದ ನೋಟ್‌ಬುಕ್‌ಗಳನ್ನು ನಾವೇ ತರುತ್ತೇವೆ. ಇನ್ನು ಮೇಲೆ ಕೈಯಿಂದ ದುಡ್ಡು ಹಾಕಬೇಡಿ.