‘ಗಾಡಿ ನಿಂತಿತ್ತು ಸಾರ್’ ಎಂದರೆ ಸಾಲದು

ಮಾನ್ಯ ಸಂಪಾದಕರೇ,

ಕುಡಿದವರು ನಿಲ್ಲಿಸಿದ ಕಾರಿನಲ್ಲಿ ಕೂತರೆ, ಮಲಗಿದರೆ ಕೇಸು ಆಗುತ್ತದೆಯೇ? ಮುಂಬಯಿಯ ನಮ್ಮ ಜನರ ನಡುವೆ ಈ ಪ್ರಶ್ನೆಗೆ ಎರಡು ಉತ್ತರಗಳು ಓಡಾಡುತ್ತಿವೆ. ಗಾಡಿ ನಿಂತಿದ್ದರೆ ಪೊಲೀಸರು ಮುಟ್ಟುವಂತಿಲ್ಲ ಎನ್ನುವುದು ಒಂದು. ಕೀಲಿ ಜೇಬಿನಲ್ಲಿದ್ದರೂ ಸಾಕು, ಕುಡಿದು ಓಡಿಸಿದ ಕೇಸೇ ಎನ್ನುವುದು ಇನ್ನೊಂದು. ಎರಡೂ ತಪ್ಪು. ಅದರಲ್ಲೂ ಎರಡನೆಯದು ಹೆಚ್ಚು ಅಪಾಯದ್ದು, ಏಕೆಂದರೆ ಅದನ್ನು ನಂಬಿದವರು ‘ಹೇಗೂ ಕೇಸು ಬೀಳುವುದಾದರೆ ಮನೆಗೇ ಹೋಗಿಬಿಡೋಣ’ ಎಂದು ಸ್ಟೇರಿಂಗ್ ಹಿಡಿಯುತ್ತಾರೆ.

1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಹಿಡಿಯುವುದು ವಾಹನ ಓಡಿಸುತ್ತಿರುವವನನ್ನು ಅಥವಾ ಓಡಿಸಲು ಪ್ರಯತ್ನಿಸುತ್ತಿರುವವನನ್ನು. ಅವನ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅಪರಾಧ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ಅಥವಾ ಎರಡೂ. 2019ರ ತಿದ್ದುಪಡಿಗೆ ಮೊದಲು ಮೊದಲ ಸಲದ ದಂಡ 2,000 ರೂಪಾಯಿವರೆಗೆ ಇತ್ತು. ಹಳೆಯ ಲೆಕ್ಕವನ್ನೇ ತಲೆಯಲ್ಲಿ ಇಟ್ಟುಕೊಂಡವರು ಇಂದಿಗೂ ಇದ್ದಾರೆ. ಇದರ ಜೊತೆಗೆ 20ನೇ ಕಲಂ ಪ್ರಕಾರ, ತಪ್ಪು ರುಜುವಾತಾದರೆ ಕನಿಷ್ಠ 6 ತಿಂಗಳು ವಾಹನ ಓಡಿಸದಂತೆ ನ್ಯಾಯಾಲಯ ಅನರ್ಹಗೊಳಿಸಬೇಕು. ಟ್ಯಾಕ್ಸಿ, ಟೆಂಪೋ ಓಡಿಸಿ ಸಂಸಾರ ನಡೆಸುವವರಿಗೆ ದಂಡಕ್ಕಿಂತ ಇದೇ ದೊಡ್ಡ ಏಟು. ಸ್ಥಳದಲ್ಲೇ ಹಣ ಕಟ್ಟಿ ಮುಗಿಸಬಹುದಾದ ಅಪರಾಧಗಳನ್ನು 200ನೇ ಕಲಂ ಪಟ್ಟಿ ಮಾಡುತ್ತದೆ. ಆ ಪಟ್ಟಿಯಲ್ಲಿ 185 ಇಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಹೋಗಲೇಬೇಕು. ರಸ್ತೆಯಲ್ಲೇ ‘ಸೆಟಲ್’ ಮಾಡುತ್ತೇವೆ ಎನ್ನುವ ಯಾರಿಗೂ ಆ ಅಧಿಕಾರವಿಲ್ಲ.

‘ಕೀಲಿ ಹತ್ತಿರ ಇದ್ದರೂ ಕೇಸು’ ಎಂಬ ಮಾತು ಬಂದದ್ದು ಹೊರದೇಶಗಳಿಂದ. ಇಂಗ್ಲೆಂಡಿನ ಕಾನೂನಿನಲ್ಲಿ ಓಡಿಸುವುದು, ಓಡಿಸಲು ಯತ್ನಿಸುವುದರ ಜೊತೆಗೆ ವಾಹನದ ಉಸ್ತುವಾರಿ ಹೊತ್ತಿರುವುದೂ ಪ್ರತ್ಯೇಕ ಅಪರಾಧ; ತಾನು ಓಡಿಸುವ ಸಂಭವವೇ ಇರಲಿಲ್ಲ ಎಂದು ತೋರಿಸಿಕೊಳ್ಳುವ ಹೊರೆ ಆರೋಪಿಯದು. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಗಾಡಿ ಕೈವಶದಲ್ಲಿದ್ದರೆ ಸಾಕು, ನಿದ್ದೆ ಹೋಗಿದ್ದರೂ ಹಿಡಿಯುತ್ತಾರೆ. ಅಲ್ಲಿಯೂ ಎಲ್ಲ ಕಡೆ ಒಂದೇ ನಿಯಮವಿಲ್ಲ: ಗಾಡಿ ಅಲುಗಲೇಬೇಕು ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ನ್ಯೂಜೆರ್ಸಿಯ ನೆಂಟರು ಕಳುಹಿಸಿದ ವಿಡಿಯೊ ನೋಡಿ ಡೊಂಬಿವಲಿಯಲ್ಲಿ ಕಾನೂನು ಲೆಕ್ಕ ಹಾಕಬಾರದು. ನಮ್ಮ 185ರಲ್ಲಿ ‘ಉಸ್ತುವಾರಿ’ ಎಂಬ ಮಾತಿಲ್ಲ.

ಹಾಗೆಂದು ನಿಂತ ಗಾಡಿ ರಕ್ಷಾಕವಚವೂ ಅಲ್ಲ. ಗಾಡಿ ಅಲ್ಲಿಗೆ ಹೇಗೆ ಬಂತು ಎಂಬುದೇ ಮೊದಲ ಪ್ರಶ್ನೆ. ಬಾರಿನ ಬಿಲ್ಲಿನಲ್ಲಿ 12.20 ಎಂದಿದ್ದು, ಮರೀನ್ ಡ್ರೈವ್‌ನ ಕ್ಯಾಮೆರಾದಲ್ಲಿ 12.40ಕ್ಕೆ ಅದೇ ಗಾಡಿ ಕಂಡು, 12.50ಕ್ಕೆ ಬಾನೆಟ್ ಇನ್ನೂ ಬಿಸಿಯಾಗಿದ್ದರೆ, ನಿಲ್ಲಿಸಿಕೊಂಡು ಮಲಗಿದ್ದೆ ಎಂಬ ವಾದ ನಿಲ್ಲದು. ಆಗ ಕೇಸು ನಿಂತ ಗಾಡಿಯದಲ್ಲ, ಹತ್ತು ನಿಮಿಷ ಹಿಂದೆ ಓಡಿಸಿದ್ದರದ್ದು. ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಖಾಲಾಪುರ ಟೋಲಿನ ಫಾಸ್ಟ್ಯಾಗ್ ಸಮಯವೇ ಸಾಕ್ಷಿ.

ಎರಡನೆಯದು ಪ್ರಯತ್ನ. ಚಾಲಕನ ಸೀಟಿನಲ್ಲಿ ಕೂತು ಎಂಜಿನ್ ಚಾಲೂ ಮಾಡಿ ಗೇರ್ ಹಾಕಿದರೆ, ಗಾಡಿ ಒಂದಂಗುಲ ಸರಿಯದಿದ್ದರೂ ಅದು ಪ್ರಯತ್ನವೇ. ಹಿಂದಿನ ಸೀಟಿನಲ್ಲಿ ಮಲಗಿ, ಎಂಜಿನ್ ಆರಿಸಿ, ಕೀಲಿ ಬೇರೆಯವರ ಕೈಯಲ್ಲಿದ್ದರೆ ಅದು ಪ್ರಯತ್ನವೆಂದು ಹೇಳುವುದು ಕಷ್ಟ. ಕಗ್ಗಂಟಾಗುವುದು ನಡುವಿನದು: ಚಾಲಕನ ಸೀಟು, ಎಂಜಿನ್ ಚಾಲೂ, ಎಸಿ ಓಡುತ್ತಿದೆ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿದೆ, ಮನುಷ್ಯ ನಿದ್ದೆಯಲ್ಲಿ. ಮೇ ತಿಂಗಳ ಮುಂಬಯಿ ಸೆಕೆಗೆ ಎಸಿ ಹಾಕಿಕೊಂಡೆ ಎಂಬುದು ನಿಜವೇ ಇರಬಹುದು, ಆದರೆ ಪೊಲೀಸರ ವರದಿಯಲ್ಲಿ ಉಳಿಯುವುದು ‘ಎಂಜಿನ್ ಚಾಲೂ ಸ್ಥಿತಿಯಲ್ಲಿ, ಚಾಲಕನ ಆಸನದಲ್ಲಿ’ ಎಂಬ ಮಾತು. ಎಸಿಗಾಗಿ ಎಂಜಿನ್ ಬಿಟ್ಟು ಕಾರಿನೊಳಗೆ ಮಲಗುವುದು ಕಾನೂನಿಗಿಂತ ಮೊದಲು ಜೀವಕ್ಕೇ ಕುತ್ತು. ಸೈಲೆನ್ಸರ್‌ನಲ್ಲಿ ಸೋರಿಕೆ ಇದ್ದರೆ, ಅಥವಾ ಗಾಡಿ ಬೇಸ್‌ಮೆಂಟಿನಲ್ಲೋ ಮುಚ್ಚಿದ ಗ್ಯಾರೇಜಿನಲ್ಲೋ ನಿಂತಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಒಳಗೆ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ. ಕುಡಿದು ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ.

ಜನ ಸಿಕ್ಕಿಬೀಳುವ ಎರಡು ಸಣ್ಣ ಗಳಿಗೆಗಳಿವೆ. ಪೊಲೀಸರು ಕಿಟಕಿ ತಟ್ಟುತ್ತಾರೆ. ಪವರ್ ವಿಂಡೋ ಇಗ್ನಿಷನ್ ಆನ್ ಆಗದೆ ಇಳಿಯುವುದಿಲ್ಲ. ಗಾಬರಿಯಲ್ಲಿ ಕೀಲಿ ತಿರುವುತ್ತಾರೆ, ಬಟನ್ ಸ್ಟಾರ್ಟ್ ಇದ್ದರೆ ಅಭ್ಯಾಸಬಲದಿಂದ ಬ್ರೇಕ್ ತುಳಿದು ಒತ್ತುತ್ತಾರೆ, ಎಂಜಿನ್ ಶುರುವಾಗುತ್ತದೆ. ಅಧಿಕಾರಿಯ ಕಣ್ಣೆದುರೇ ನಡೆದ ಕ್ರಿಯೆ ಅದು. ಕಿಟಕಿ ಬಿಡಿ, ಬಾಗಿಲು ತೆರೆಯಿರಿ. ಇನ್ನೊಂದು ಇದಕ್ಕಿಂತ ಸಾಮಾನ್ಯ: ನೋ ಪಾರ್ಕಿಂಗ್‌ನಲ್ಲಿ ನಿಂತ ಗಾಡಿಗೆ ಹವಾಲ್ದಾರರು ‘ಗಾಡಿ ಕಾಢಾ’ (ಗಾಡಿ ತೆಗೆಯಿರಿ) ಎನ್ನುತ್ತಾರೆ, ಕುಡಿದವನು ವಿಧೇಯನಾಗಿ ತೆಗೆಯುತ್ತಾನೆ. ಇಪ್ಪತ್ತು ಅಡಿ ಸರಿಸಿದರೂ ಓಡಿಸಿದಂತೆಯೇ. ‘ಸಾಹೇಬರೇ, ಕುಡಿದಿದ್ದೇನೆ, ನಾನು ಓಡಿಸುವುದಿಲ್ಲ, ಡ್ರೈವರ್ ಕರೆಸುತ್ತೇನೆ’ ಎಂದು ನೇರವಾಗಿ ಹೇಳಬೇಕು. ಕ್ರೇನ್ ಎತ್ತಿಕೊಂಡು ಹೋದರೆ ಹೋಗಲಿ. ತಪ್ಪು ಪಾರ್ಕಿಂಗಿಗೆ ಮೊದಲ ಸಲದ ದಂಡ 500 ರೂಪಾಯಿ, ಮೇಲೆ ಕ್ರೇನ್ ಬಾಡಿಗೆ, ಅಷ್ಟಕ್ಕೇ ಮುಗಿಯುತ್ತದೆ.

185 ತಪ್ಪಿದರೂ ಬೇರೆ ಕಾನೂನುಗಳಿವೆ. ಮಹಾರಾಷ್ಟ್ರದಲ್ಲಿ 1949ರ ಮದ್ಯನಿಷೇಧ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಕುಡಿಯಲು ಪರ್ಮಿಟ್ ಬೇಕೆಂಬ ನಿಯಮ ಸತ್ತಿಲ್ಲ. ಅದರ 85ನೇ ಕಲಂ ಪ್ರಕಾರ, ರಸ್ತೆಯಲ್ಲಿ ಅಥವಾ ಜನ ಓಡಾಡುವ ಜಾಗದಲ್ಲಿ ಮೈಮೇಲೆ ನಿಗಾ ಇಲ್ಲದಷ್ಟು ಕುಡಿದಿರುವುದೂ, ಕುಡಿದು ದಾಂಧಲೆ ಮಾಡುವುದೂ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಂ ಕೂಡ ಕುಡಿದು ಸಾರ್ವಜನಿಕರಿಗೆ ಕಿರುಕುಳ ಕೊಟ್ಟವರಿಗೆ 24 ಗಂಟೆವರೆಗೆ ಸಾದಾ ಸಜೆ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ ಅಥವಾ ಸಮುದಾಯ ಸೇವೆ ವಿಧಿಸುತ್ತದೆ. ‘ಕಾರು ನನ್ನದು, ಒಳಗೆ ಏನು ಮಾಡಿದರೂ ನನ್ನಿಷ್ಟ’ ಎಂಬ ವಾದವನ್ನು 2019ರಲ್ಲಿ ಬಿಹಾರದ ಅಬಕಾರಿ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ: ಸಾರ್ವಜನಿಕ ರಸ್ತೆಯಲ್ಲಿರುವ ಖಾಸಗಿ ವಾಹನದ ಹತ್ತಿರ ಬರುವ ಅವಕಾಶ ಜನರಿಗೆ ಇರುವುದರಿಂದ ಅದೂ ಸಾರ್ವಜನಿಕ ಸ್ಥಳವೇ ಎಂದಿತು. ಅದು ಬಿಹಾರದ ಕಾಯ್ದೆಯ ಮೇಲಿನ ತೀರ್ಪು ನಿಜ, ಆದರೆ ಚೌಪಾಟಿಯ ಬದಿಯಲ್ಲಿ ಕಾರು ನಿಲ್ಲಿಸಿ ಒಳಗೆ ಬಾಟಲಿ ತೆರೆಯುವವರು ಅದನ್ನು ನೆನಪಿಡಬೇಕು. ಗೋವಾದಲ್ಲಿ ಮಹಾರಾಷ್ಟ್ರದ ಮದ್ಯನಿಷೇಧ ಕಾಯ್ದೆ ಇಲ್ಲ. 185 ಮಾತ್ರ ಅಲ್ಲಿಯೂ ಅಕ್ಷರಶಃ ಇದೇ. ಅಲ್ಲಿಂದ ಪರ್ಮಿಟ್ ಇಲ್ಲದೆ ಬಾಟಲಿ ತುಂಬಿಕೊಂಡು ಗಡಿಯ ಊರು ಬಾಂದಾ ದಾಟಿದರೆ ಗಾಡಿಯೇ ಜಪ್ತಿಯಾಗುತ್ತದೆ.

ಇನ್ನು ಉಸಿರಿನಲ್ಲಿ ಮದ್ಯ ಅಳೆಯುವ ಯಂತ್ರಕ್ಕೆ ಊದಿಸುವ ವಿಚಾರ. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಮೋಟಾರು ವಾಹನ ಕಾಯ್ದೆಯ 203ನೇ ಕಲಂ ಪ್ರಕಾರ ಊದಲು ಹೇಳಬಹುದು. ನಿರಾಕರಿಸಿದರೆ ಜಾಣತನ ಮಾಡಿದಂತಲ್ಲ: ಕುಡಿದಿದ್ದಾನೆಂಬ ಅನುಮಾನಕ್ಕೆ ಕಾರಣವಿದ್ದರೆ ವಾರಂಟ್ ಇಲ್ಲದೆ ಬಂಧಿಸಬಹುದು, 205ನೇ ಕಲಂ ಪ್ರಕಾರ ಆ ನಿರಾಕರಣೆಯನ್ನೇ ನ್ಯಾಯಾಲಯ ವಿರುದ್ಧವಾಗಿ ಪರಿಗಣಿಸಬಹುದು. ಊದಿ, ಆದರೆ ಕೇಳಬೇಕಾದ್ದನ್ನು ಕೇಳಿ. ಹೊಸ ನಳಿಕೆ ಹಾಕಿಸಿ. ಆಗಷ್ಟೇ ಮೌತ್‌ವಾಶ್ ಬಳಸಿದ್ದರೆ ಅಥವಾ ಕಫದ ಔಷಧಿ ಕುಡಿದಿದ್ದರೆ ಹೇಳಿ, 15 ನಿಮಿಷ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಲು ಕೇಳಿ; ಬಾಯಲ್ಲಿ ಉಳಿದ ಆಲ್ಕೋಹಾಲ್ ಅಷ್ಟರಲ್ಲಿ ಹೋಗಿರುತ್ತದೆ. ಚೀಟಿಯ ಮೇಲೆ ಸಮಯ ಮತ್ತು ಯಂತ್ರದ ನಂಬರ್ ನೋಡಿಕೊಳ್ಳಿ. ಬಂಧಿಸಿದರೆ 2 ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಡಬೇಕು. 202ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ರಕ್ತ ತೆಗೆಯುವಾಗ ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಬಾರದು, ಸೀಸೆಯಲ್ಲಿ ಮಾದರಿ ಕೆಡದಂತೆ ಕಾಯುವ ಸೋಡಿಯಂ ಫ್ಲೋರೈಡ್ ಇರಬೇಕು, ಮೊಹರು ನಿಮ್ಮೆದುರೇ ಬೀಳಬೇಕು. ಪುಣೆಯ ಕಲ್ಯಾಣಿನಗರದಲ್ಲಿ 2024ರ ಮೇ 19ರಂದು ಕಾರು ಗುದ್ದಿ ಇಬ್ಬರು ಸತ್ತ ಪ್ರಕರಣದಲ್ಲಿ ರಕ್ತದ ಮಾದರಿಯನ್ನೇ ಬದಲಾಯಿಸಿದ ಆರೋಪ ಬಂದ ಮೇಲೆ, ಈ ಮೊಹರಿನ ಬೆಲೆ ಏನೆಂದು ಯಾರಿಗೂ ವಿವರಿಸಬೇಕಿಲ್ಲ. ಬರೀ ಬಾಯಿ ವಾಸನೆ, ತೂರಾಟ, ಅಗಲವಾದ ಕಣ್ಣಪಾಪೆ ಇಷ್ಟರಿಂದಲೇ ಕುಡಿದಿದ್ದನೆಂದು ತೀರ್ಮಾನಿಸಲಾಗದು ಎಂದು ಸುಪ್ರೀಂ ಕೋರ್ಟ್ 1971ರಲ್ಲಿ ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ ಹೇಳಿತ್ತು.

‘ಎರಡು ಗಂಟೆ ಮಲಗಿ ಹೊರಡುತ್ತೇನೆ’ ಎನ್ನುವವರಿಗೆ ಲೆಕ್ಕವೇ ಉತ್ತರ. 60 ಮಿ.ಲೀ. ವಿಸ್ಕಿಯಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. 70 ಕಿಲೋ ತೂಕದ ಗಂಡಸಿಗೆ ಅದೊಂದೇ 40 ಮಿಲಿಗ್ರಾಂ ಹತ್ತಿರ ಮುಟ್ಟಿಸುತ್ತದೆ, ಅಂದರೆ ಆಗಲೇ ಮಿತಿ ದಾಟಿತು. ಒಂದು ಕ್ವಾರ್ಟರ್ (180 ಮಿ.ಲೀ.) ಬೇಗ ಮುಗಿಸಿದರೆ 120ರ ಆಸುಪಾಸು. ದೇಹ ಗಂಟೆಗೆ ಇಳಿಸುವುದು ಸುಮಾರು 15 ಮಾತ್ರ. ರಾತ್ರಿ 12ಕ್ಕೆ ಗ್ಲಾಸು ಕೆಳಗಿಟ್ಟವನು 30ಕ್ಕೆ ಇಳಿಯಲು ಬೆಳಗಿನ 6 ಆಗಬೇಕು. ತೂಕ ಕಡಿಮೆ ಇದ್ದವರಿಗೆ, ಹೆಂಗಸರಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ಕಾಫಿ, ಲಿಂಬೆ ಶರಬತ್ತು, ತಣ್ಣೀರು ಸ್ನಾನ ಇವು ಯಾವುವೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ಎರಡು ಗಂಟೆ ನಿದ್ದೆ ಮಾಡಿ 2ಕ್ಕೆ ಎದ್ದವನ ರಕ್ತದಲ್ಲಿ ಇನ್ನೂ 90 ಇರುತ್ತದೆ, ಮಿತಿಯ ಮೂರು ಪಟ್ಟು. ‘ಈಗ ಸರಿಯಾಗಿದ್ದೇನೆ’ ಎಂಬ ಧೈರ್ಯ ಮಾತ್ರ ಹೊಸದಾಗಿ ಬಂದಿರುತ್ತದೆ.

ವಿಮೆಯ ಕಾಗದವನ್ನು ಯಾರೂ ಓದುವುದಿಲ್ಲ. ಕಾರಿನ ಹಾನಿಯ ಭಾಗದಲ್ಲಿ, ಮದ್ಯದ ಪ್ರಭಾವದಲ್ಲಿ ಓಡಿಸುವಾಗ ಆದ ನಷ್ಟಕ್ಕೆ ಪರಿಹಾರವಿಲ್ಲ ಎಂಬ ಷರತ್ತಿದೆ. ಆ ಪ್ರಭಾವವನ್ನು ಸಾಬೀತುಪಡಿಸಲು ಊದಿಸಿದ ಚೀಟಿ ಇರಲೇಬೇಕೆಂದಿಲ್ಲ, ಸಂದರ್ಭಗಳಿಂದಲೂ ತೋರಿಸಬಹುದು ಎಂದು ದಿಲ್ಲಿಯ ಪೋರ್ಷೆ ಕಾರೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಹೇಳಿದೆ. ನಿಂತ ಗಾಡಿಯವರಿಗೆ ಇದಕ್ಕಿಂತ ಮುಖ್ಯವಾದದ್ದು ಮಾಲೀಕ-ಚಾಲಕನ 15 ಲಕ್ಷ ರೂಪಾಯಿಯ ಅಪಘಾತ ವಿಮೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಪಾಲಿಸಿಯಲ್ಲಿ ಅದರ ಷರತ್ತು ಓಡಿಸುವ ಮಾತನ್ನೇ ಎತ್ತುವುದಿಲ್ಲ; ಆ ವ್ಯಕ್ತಿ ಮದ್ಯದ ಪ್ರಭಾವದಲ್ಲಿದ್ದಾಗ ನಡೆದ ಅಪಘಾತಕ್ಕೆ ಹಣವಿಲ್ಲ, ಅಷ್ಟೇ. ಹೆದ್ದಾರಿಯ ಬದಿಯಲ್ಲಿ ನಿಂತ ಕಾರಿಗೆ ಹಿಂದಿನಿಂದ ಟ್ರಕ್ ಗುದ್ದಿದರೆ, ಕುಡಿದು ಒಳಗಿದ್ದ ಮಾಲೀಕನ ಹೆಂಡತಿ ಮಕ್ಕಳಿಗೆ ಈ 15 ಲಕ್ಷ ಸಿಗದೆ ಹೋಗಬಹುದು.

ಪರ್ಮಿಟ್ ರೂಮ್ (ಬಾರು) ನಡೆಸುವವರಲ್ಲಿ ನಮ್ಮವರು ಬಹಳ ಮಂದಿ. ಅವರಿಗೆ ಮೋಟಾರು ವಾಹನ ಕಾಯ್ದೆಯ 188ನೇ ಕಲಂ ಗೊತ್ತಿರಬೇಕು: ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ. ತೂರಾಡುವ ಗಿರಾಕಿಯ ಕೈಗೆ, ಗಾಡಿ ನಿಲ್ಲಿಸಿಕೊಡುವ ವ್ಯಾಲೆ ಹುಡುಗ ಕೀಲಿ ಕೊಡುವುದು ಈ ಗೆರೆಗೆ ತೀರಾ ಹತ್ತಿರದ ಕೆಲಸ. ಕೌಂಟರಿನಲ್ಲಿ ಕೀಲಿ ಇಟ್ಟುಕೊಳ್ಳುವ ಒಂದು ಡಬ್ಬಿ, ಗಾಡಿ ನಂಬರ್ ಮತ್ತು ಸಮಯ ಬರೆಯುವ ಒಂದು ಪುಸ್ತಕ, ಬಾಡಿಗೆ ಡ್ರೈವರ್‌ಗಳ ಎರಡು ಫೋನ್ ನಂಬರ್ ಇಷ್ಟಿದ್ದರೆ ಸಾಕು. ಕೀಲಿ ಒಪ್ಪಿಸಿದ ಸಮಯದ ದಾಖಲೆ ಮರುದಿನ ಗಿರಾಕಿಯ ಪರವಾಗಿಯೇ ಮಾತಾಡುತ್ತದೆ. ಡ್ರೈವರ್‌ಗಾಗಿ ಕಾರಿನಲ್ಲೇ ಕಾಯಬೇಕಾದವರು ಹಿಂದಿನ ಸೀಟಿನಲ್ಲಿ ಕೂರಲಿ, ಬುಕಿಂಗ್ ಸಂದೇಶ ಅಳಿಸದಿರಲಿ. 126ನೇ ಕಲಂ ಪ್ರಕಾರ ಚಾಲಕನಿಲ್ಲದೆ ನಿಂತ ವಾಹನದ ಎಂಜಿನ್ ಆರಿರಬೇಕು, ಬ್ರೇಕ್ ಹಾಕಿರಬೇಕು. ಇಳಿಜಾರಾದರೆ ಗೇರಿನಲ್ಲೂ ಬಿಡಿ.

ಆಡಳಿತದಿಂದ ಆಗಬೇಕಾದ್ದು ಎರಡಿವೆ. ನಿಂತ ವಾಹನದ ಮೇಲೆ 185 ಹಾಕುವಾಗ ವ್ಯಕ್ತಿ ಯಾವ ಸೀಟಿನಲ್ಲಿದ್ದ, ಎಂಜಿನ್ ಚಾಲೂ ಇತ್ತೇ, ಗೇರ್ ಮತ್ತು ಹ್ಯಾಂಡ್‌ಬ್ರೇಕ್ ಹೇಗಿದ್ದವು, ಕೀಲಿ ಎಲ್ಲಿತ್ತು, ಬಾನೆಟ್ ಬಿಸಿಯಿತ್ತೇ ಎಂಬುದನ್ನು ಪಂಚನಾಮೆಯಲ್ಲಿ ಬರೆದು ಫೋಟೊ ಸೇರಿಸುವುದನ್ನು ಸಂಚಾರ ಪೊಲೀಸರು ಕಡ್ಡಾಯ ಮಾಡಲಿ. ಹಾಗಾದರೆ ನಿಜವಾಗಿ ಓಡಿಸಿದವನು ತಪ್ಪಿಸಿಕೊಳ್ಳುವುದಿಲ್ಲ, ಓಡಿಸದೆ ಉಳಿದವನು ಸಿಕ್ಕಿಕೊಳ್ಳುವುದಿಲ್ಲ. ಇನ್ನೊಂದು, ಬಾರುಗಳ ಸುತ್ತಲಿನ ರಸ್ತೆಗಳಲ್ಲಿ ಸಂಚಾರಕ್ಕೆ ಅಡ್ಡಿಯಾಗದ ಗಾಡಿಗಳನ್ನು ಬೆಳಿಗ್ಗೆ 8ರವರೆಗೆ ಎತ್ತಬಾರದು. ಮಹಾನಗರ ಪಾಲಿಕೆಯ ಪೇ ಆಂಡ್ ಪಾರ್ಕ್ ಜಾಗಗಳಲ್ಲಿ ರಾತ್ರಿಯಿಡೀ ಬಿಡಲು ಒಂದೇ ದರದ ಚೀಟಿ ಸಿಗಬೇಕು. ಮಧ್ಯರಾತ್ರಿ ‘ಬಿಟ್ಟುಹೋದರೆ ಕ್ರೇನ್ ಒಯ್ಯುತ್ತದೆ’ ಎಂಬ ಹೆದರಿಕೆಯಿಂದಲೇ ಕೀಲಿ ತಿರುವುವವರಿಗೆ ಆ ಚೀಟಿ ಬೇಕಾಗಿದೆ.

ಇತಿ,
ಮೋಟಾರು ವಾಹನ ಮೊಕದ್ದಮೆಗಳ ವಕೀಲರು,
ಮುಲುಂಡ್, ಮುಂಬಯಿ