ಹಿಮಾಲಯಕ್ಕೆ ರಜೆ ನೋಡಿ ಹೊರಡಬೇಡಿ, ಋತು ನೋಡಿ ಹೊರಡಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆಯ ಹಿಮಾಲಯ ಚಾರಣಕ್ಕೆ ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಹೆಸರು ನೋಂದಣಿ ಜೋರಾಗಿ ನಡೆದಿದೆ. ಕಾಲೇಜು ಹುಡುಗರು, ಬ್ಯಾಂಕ್ ನೌಕರರು, ನಿವೃತ್ತ ಶಿಕ್ಷಕರು ಎಲ್ಲರೂ ಹೊರಟಿರುವುದು ಸಂತೋಷದ ಸಂಗತಿ. ಆದರೆ ಹೆಚ್ಚಿನ ತಂಡಗಳು ಯೋಜನೆ ಹಾಕುವ ಕ್ರಮವೇ ತಲೆಕೆಳಗಾಗಿದೆ. ಮೊದಲು ರಜೆ, ಆಮೇಲೆ ರೈಲು ಟಿಕೆಟ್, ಕೊನೆಗೆ ಬೆಟ್ಟದ ಹೆಸರು. ಯಾವ ತಿಂಗಳಲ್ಲಿ ಯಾವ ಹಾದಿ ನಡೆಯುವಂತಿರುತ್ತದೆ ಎಂಬುದನ್ನು ಮೊದಲು ತಿಳಿದು, ರಜೆಯನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಕರ್ನಾಟಕದ ಚಾರಣಿಗರಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ಜೀವ ಕಳೆದುಕೊಂಡರು. ಅದು ಎಲ್ಲರೂ ‘ಒಳ್ಳೆಯ ಸೀಸನ್’ ಎನ್ನುವ ಕಾಲವೇ ಆಗಿತ್ತು. ಹೀಗಾಗಿ ಸೀಸನ್ ಗೊತ್ತಿದ್ದರೂ ಸಾಲದು, ಅದರ ಅಂಚು ಎಲ್ಲಿದೆ ಎಂಬುದೂ ಗೊತ್ತಿರಬೇಕು.

ನಮ್ಮ ಶಾಲೆಗಳ ರಜೆ ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ. ಆಗ 14,000 ಅಡಿಗಿಂತ ಮೇಲಿನ ಬಹುತೇಕ ಬೆಟ್ಟಸಾಲು ದಾಟುವ ದಾರಿಗಳ, ಅಂದರೆ ಪಾಸ್‌ಗಳ ಮೇಲೆ ಚಳಿಗಾಲದ ಹಿಮ ಇನ್ನೂ ಕೂತಿರುತ್ತದೆ. ಈ ರಜೆಗೆ ಹೊಂದುವುದು ಹರ್ ಕಿ ದೂನ್, ದಯಾರಾ ಬುಗ್ಯಾಲ್, ಬಂಗಾಳದ ಸಂದಕ್‌ಫು. ಎಲ್ಲವೂ 12,000 ಅಡಿಯ ಆಸುಪಾಸಿನವು, ಮೊದಲ ಸಲ ಹೋಗುವವರಿಗೆ ಅಷ್ಟೇ ಸಾಕು. 15,000 ಅಡಿ ದಾಟುವ ರೂಪಿನ್ ಪಾಸ್‌ಗೆ ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ಸಿಗುವ ಅವಧಿ ಚಿಕ್ಕದು. ಮನಾಲಿ ಕಡೆಯ ಹಂಪ್ಟಾ ಪಾಸ್ ಜೂನ್ ಕೊನೆಯಿಂದ ಸರಿ, ಕಾಶ್ಮೀರದ ಸರೋವರಗಳ ಹಾದಿ ಜುಲೈಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ಲಡಾಖ್ ಮತ್ತು ಸ್ಪಿತಿ ಮಳೆನೆರಳಿನ ಪ್ರದೇಶಗಳಾದ್ದರಿಂದ ದೇಶವೆಲ್ಲ ನೆನೆಯುವ ಜುಲೈ-ಆಗಸ್ಟ್‌ನಲ್ಲೇ ಅಲ್ಲಿ ನಡೆಯಲು ಅನುಕೂಲ. ರಜೆ ಮೇ ತಿಂಗಳಲ್ಲೇ ಸಿಗುವುದಾದರೆ ಬೆಟ್ಟವನ್ನು ಬದಲಿಸಿ. ತಿಂಗಳು ಬೆಟ್ಟಕ್ಕೆ ಹೊಂದುವುದಿಲ್ಲ.

ಮಳೆ ನಕ್ಷತ್ರದ ಲೆಕ್ಕ ನಮ್ಮ ರೈತರಿಗೆ ಬಾಯಿಪಾಠ. ಇಲ್ಲಿ ಮಿರಗ ಹೂಡುವ ಜೂನ್ 7-8ರ ಹೊತ್ತಿಗೆ ಉತ್ತರಾಖಂಡದಲ್ಲಿ ಮುಂಗಾರುಪೂರ್ವ ಅವಧಿ ಮುಗಿಯುತ್ತ ಬಂದಿರುತ್ತದೆ. ಆರಿದ್ರಾ ಮಳೆಯ ದಿನಗಳಲ್ಲಿ ಸಾಮಾನ್ಯವಾಗಿ ಮುಂಗಾರು ಅಲ್ಲಿಗೂ ಮುಟ್ಟುತ್ತದೆ. ಆದರೆ ಆ ದಿನಾಂಕವನ್ನು ನಂಬಿ ಕೂರುವಂತಿಲ್ಲ. 2013ರಲ್ಲಿ ಮುಂಗಾರು ಜೂನ್ 16ಕ್ಕೇ ಇಡೀ ದೇಶವನ್ನು ಆವರಿಸಿತು. ಅದೇ ಹೊತ್ತಿಗೆ ಪಶ್ಚಿಮದಿಂದ ಮಳೆ-ಹಿಮ ತರುವ ಗಾಳಿಯ ಸುಳಿ, ಅಂದರೆ ವೆಸ್ಟರ್ನ್ ಡಿಸ್ಟರ್ಬನ್ಸ್ ಕೂಡ ಸೇರಿ ಕೇದಾರನಾಥದ ದುರಂತ ನಡೆಯಿತು. ಹೀಗಾಗಿ ಜೂನ್ 10ರ ನಂತರ ಉತ್ತರಾಖಂಡದ ಎತ್ತರದ ಪಾಸ್ ದಾಟುವ ಯೋಜನೆ ಹಾಕದಿರುವುದೇ ಲೇಸು.

ದಸರಾ ರಜೆಯವರಿಗೂ ಒಂದು ಮಾತು. ಸೆಪ್ಟೆಂಬರ್ ಕೊನೆಗೆ ಮಳೆ ಹಿಂದೆ ಸರಿದ ಮೇಲೆ ಆಕಾಶ ತೊಳೆದಂತಿರುತ್ತದೆ, ದೂರದ ಶಿಖರಗಳೂ ಕಾಣುತ್ತವೆ, ವರ್ಷದಲ್ಲಿ ಇದೇ ಉತ್ತಮ ಕಾಲ. ಆದರೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳು ಏಳುವುದೂ ಆಗಲೇ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುದ್‌ಹುದ್ ಎರಡೇ ದಿನಗಳಲ್ಲಿ ನೇಪಾಳದ ಅನ್ನಪೂರ್ಣ ಹಾದಿಯ ಮೇಲೆ ಹಿಮಗಾಳಿಯಾಗಿ ಬಿದ್ದು 40ಕ್ಕೂ ಹೆಚ್ಚು ಜನರನ್ನು ಬಲಿ ಪಡೆಯಿತು. 2021ರ ಅಕ್ಟೋಬರ್ 17ರಿಂದ 19ರವರೆಗಿನ ಮಳೆ-ಹಿಮದಲ್ಲಿ ಹರ್ಸಿಲ್‌ನಿಂದ ಛಿತ್ಕುಲ್‌ಗೆ ದಾಟುವ ಲಮ್ಖಾಗಾ ಪಾಸ್‌ನಲ್ಲಿ ಚಾರಣಿಗರು ಸತ್ತರು. ಅಕ್ಟೋಬರ್‌ನಲ್ಲಿ ಹೋಗುವವರು ಬೆಟ್ಟದ ಹವಾಮಾನದ ಜೊತೆಗೆ ಕೊಲ್ಲಿಯ ಸುದ್ದಿಯನ್ನೂ ಗಮನಿಸುತ್ತಿರಬೇಕು.

ಮುನ್ಸೂಚನೆ ಓದುವುದರಲ್ಲೂ ಒಂದು ತಪ್ಪು ಪದೇ ಪದೇ ನಡೆಯುತ್ತದೆ. ಮೊಬೈಲಿನಲ್ಲಿ ಡೆಹ್ರಾಡೂನಿನ ಉಷ್ಣಾಂಶ ನೋಡಿ ಸಮಾಧಾನಪಡುತ್ತಾರೆ. ಪ್ರತಿ ಸಾವಿರ ಅಡಿಗೆ ಸುಮಾರು 2 ಡಿಗ್ರಿಯಂತೆ ಉಷ್ಣಾಂಶ ಇಳಿಯುತ್ತದೆ. ಡೆಹ್ರಾಡೂನ್ ಇರುವುದು ಸುಮಾರು 2,000 ಅಡಿಯಲ್ಲಿ. ಅಲ್ಲಿ ರಾತ್ರಿ 24 ಡಿಗ್ರಿ ಇದ್ದರೆ 14,000 ಅಡಿಯಲ್ಲಿ ಸೊನ್ನೆ. ಗಂಟೆಗೆ 40 ಕಿ.ಮೀ. ಗಾಳಿ ಸೇರಿದರೆ ಮೈಗೆ ತಾಗುವುದು ಮೈನಸ್ 7, ಬಟ್ಟೆ ಒದ್ದೆಯಾಗಿದ್ದರೆ ಇನ್ನೂ ಕೆಟ್ಟದ್ದು. ಹವಾಮಾನ ಇಲಾಖೆಯ ಡೆಹ್ರಾಡೂನ್, ಶಿಮ್ಲಾ, ಶ್ರೀನಗರ, ಲೇಹ್ ಕೇಂದ್ರಗಳ ಎಚ್ಚರಿಕೆಗಳನ್ನು ಜಿಲ್ಲಾವಾರು ನೋಡಿ. ಅದರ ಜೊತೆಗೆ ನಿಮ್ಮ ಪಾಸ್‌ನ ಎತ್ತರಕ್ಕೇ ಗಾಳಿ ಮತ್ತು ಹಿಮದ ಪ್ರಮಾಣ ತೋರಿಸುವ ತಾಣವೊಂದನ್ನೂ ನೋಡಿ. ಮೂರು ದಿನದ ಮುನ್ಸೂಚನೆಯನ್ನು ನಂಬಬಹುದು. ಐದು ದಿನ ದಾಟಿದರೆ ಅದು ಬರೀ ಒಲವು ತೋರಿಸುತ್ತದೆ, ಅದರ ಮೇಲೆ ನಿರ್ಧಾರ ಮಾಡುವಂತಿಲ್ಲ. ಕಿತ್ತಳೆ ಎಚ್ಚರಿಕೆ ಬಂದ ದಿನ ಪಾಸ್ ಹತ್ತಬಾರದು.

ನಮ್ಮ ಭಾಗದವರಿಗೆ ಅತಿ ದೊಡ್ಡ ಅಪಾಯ ವಾಪಸು ಟಿಕೆಟ್‌ನಲ್ಲಿದೆ. ಹುಬ್ಬಳ್ಳಿಯಿಂದ ರೈಲಿನಲ್ಲಿ ದಿಲ್ಲಿ, ಡೆಹ್ರಾಡೂನ್, ಅಲ್ಲಿಂದ ಬಸ್ಸಿನಲ್ಲಿ ಹರ್ ಕಿ ದೂನ್ ನಡಿಗೆ ಶುರುವಾಗುವ ಸಾಂಕ್ರಿ ಎಂದರೆ ಹೋಗುವುದಕ್ಕೇ ನಾಲ್ಕು ದಿನ ಹಿಡಿಯಿರಿ. ಬರುವುದಕ್ಕೂ ಅಷ್ಟೇ. ಹದಿನಾಲ್ಕು ದಿನದ ರಜೆಯಲ್ಲಿ ಬೆಟ್ಟಕ್ಕೆ ಉಳಿಯುವುದು ಆರು ದಿನ. ಅದರಲ್ಲಿ ಆರೂ ದಿನಕ್ಕೆ ನಡಿಗೆ ಹಾಕಿಕೊಂಡರೆ ಒಂದು ದಿನ ಹಿಮ ಬಿದ್ದ ತಕ್ಷಣ ಲೆಕ್ಕ ತಪ್ಪುತ್ತದೆ. ‘ರೈಲು ತಪ್ಪುತ್ತದೆ, ಇವತ್ತೇ ದಾಟಿಬಿಡೋಣ’ ಎಂಬ ಮಾತು ಹುಟ್ಟುವುದೇ ಆಗ. ಆರು ದಿನವಿದ್ದರೆ ನಾಲ್ಕು ದಿನದ ಹಾದಿ ಆರಿಸಿ, ಎರಡು ದಿನ ಖಾಲಿ ಬಿಡಿ. ರೈಲ್ವೆ ಮುಂಗಡ ಬುಕಿಂಗ್ 60 ದಿನ ಮುಂಚೆ ತೆರೆಯುವುದರಿಂದ, ವಾಪಸು ಟಿಕೆಟ್ ತೆಗೆಯುವಾಗಲೇ ಈ ಎರಡು ದಿನ ಸೇರಿಸಿರಬೇಕು. ಹವಾಮಾನ ಚೆನ್ನಾಗಿದ್ದರೆ ಆ ದಿನಗಳನ್ನು ಹೃಷಿಕೇಶದಲ್ಲೋ ಡೆಹ್ರಾಡೂನಿನಲ್ಲೋ ಕಳೆಯಬಹುದು.

ಎತ್ತರಕ್ಕೆ ಮೈ ಹೊಂದಿಸಿಕೊಳ್ಳಲೂ ಇದೇ ಬಿಡುವು ಬೇಕು. ಧಾರವಾಡ ಸುಮಾರು 2,400 ಅಡಿ ಎತ್ತರದಲ್ಲಿದೆ. ನೃಪತುಂಗ ಬೆಟ್ಟವನ್ನೋ ಕಪ್ಪತಗುಡ್ಡವನ್ನೋ 8 ಕೆ.ಜಿ. ಚೀಲ ಹೊತ್ತು ಹತ್ತುವ ಅಭ್ಯಾಸದಿಂದ ಕಾಲು ಗಟ್ಟಿಯಾಗುತ್ತವೆ, ಎತ್ತರದ ಕಾಯಿಲೆ ತಪ್ಪುವುದಿಲ್ಲ. ಗಟ್ಟಿಮುಟ್ಟಾದ ಯುವಕರು ವೇಗವಾಗಿ ಏರುವುದರಿಂದ ಅವರಿಗೇ ಅದು ಬೇಗ ಬರಬಹುದು. 10,000 ಅಡಿ ದಾಟಿದ ಮೇಲೆ ರಾತ್ರಿ ಮಲಗುವ ಎತ್ತರ ದಿನಕ್ಕೆ 1,600 ಅಡಿಗಿಂತ ಹೆಚ್ಚಬಾರದು. ಪ್ರತಿ 3,000 ಅಡಿಗೊಮ್ಮೆ ಒಂದು ರಾತ್ರಿ ಅದೇ ಎತ್ತರದಲ್ಲಿ ಉಳಿಯಬೇಕು. ವಿಮಾನದಲ್ಲಿ ನೇರ 11,500 ಅಡಿಯ ಲೇಹ್‌ಗೆ ಇಳಿದವರು ಕನಿಷ್ಠ ಎರಡು ದಿನ ಅಲ್ಲೇ ಇರಬೇಕು. ತಲೆನೋವಿನ ಜೊತೆ ವಾಕರಿಕೆ, ಸುಸ್ತು ಕಂಡರೆ ಮೇಲೆ ಹೋಗುವಂತಿಲ್ಲ. ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸುತ್ತ ನೇರ ನಡೆಯಲು ಆಗದಿದ್ದರೆ ಅದು ಮಿದುಳಿನ ಊತದ ಗುರುತು. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಎರಡಕ್ಕೂ ತಕ್ಷಣ ಕೆಳಗಿಳಿಸುವುದೇ ಚಿಕಿತ್ಸೆ, ರಾತ್ರಿಯಾಗಿದ್ದರೂ ಸರಿ. ಎತ್ತರದ ಕಾಯಿಲೆ ತಡೆಯಲು ಬಳಸುವ ಡಯಾಮಾಕ್ಸ್ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ, ಸಲ್ಫಾ ಔಷಧಿಯ ಅಲರ್ಜಿ ಇದ್ದರೆ ತಪ್ಪದೆ ತಿಳಿಸಿ.

ಬೆಟ್ಟದ ಮೇಲಿನ ದಿನಕ್ಕೂ ಒಂದು ಲೆಕ್ಕವಿದೆ. ಬೆಳಗಿನ ಜಾವ ಹಿಮ ಗಟ್ಟಿಯಾಗಿರುತ್ತದೆ, ಹೊಳೆಗಳಲ್ಲಿ ನೀರು ಕಡಿಮೆ. ಮಧ್ಯಾಹ್ನದ ಮೇಲೆ ಹಿಮ ಮೆತ್ತಗಾಗಿ ಕಾಲು ಹೂತುಹೋಗುತ್ತದೆ, ಮೋಡ ಕಟ್ಟುತ್ತದೆ, ಸಿಡಿಲೂ ಬೀಳಬಹುದು. ಪಾಸ್ ಮೇಲೆ 11 ಗಂಟೆಯೊಳಗೆ ಇರಬೇಕು. ಆ ಹೊತ್ತಿಗೆ ತುದಿ ಮುಟ್ಟದಿದ್ದರೆ ಎಷ್ಟೇ ಹತ್ತಿರವಿದ್ದರೂ ಹಿಂತಿರುಗಬೇಕು, ಇದನ್ನು ಹಿಂದಿನ ರಾತ್ರಿಯೇ ಎಲ್ಲರೂ ಒಪ್ಪಿಕೊಂಡಿರಬೇಕು. ಎತ್ತರ ತೋರಿಸುವ ಬ್ಯಾರೋಮೀಟರ್ ಗಡಿಯಾರವಿದ್ದರೆ ಮಲಗುವಾಗ ಒಮ್ಮೆ ನೋಡಿಟ್ಟುಕೊಳ್ಳಿ. ಡೇರೆ ಕದಲದಿದ್ದರೂ ಬೆಳಗ್ಗೆ 40 ಮೀಟರ್‌ನಷ್ಟು ಹೆಚ್ಚು ತೋರಿಸಿದರೆ ಗಾಳಿಯ ಒತ್ತಡ ಇಳಿದಿದೆ. ಹಿಂದಿನ ದಿನ ಸೂರ್ಯನ ಸುತ್ತ ಉಂಗುರ, ತೆಳು ಮೋಡದ ಪರದೆ ಕಂಡಿದ್ದರಂತೂ ಡೇರೆ ಬಿಟ್ಟು ಮೇಲೆ ಹೋಗಬೇಡಿ.

ಬಟ್ಟೆಯ ಬಗ್ಗೆ ಇಷ್ಟೇ. ಜೀನ್ಸ್ ಮತ್ತು ಹತ್ತಿ ಬನಿಯನ್ ಬೇಡ, ಬೆವರು ಹಿಡಿದರೆ ಒಣಗುವುದಿಲ್ಲ. ಉಣ್ಣೆಯ ಒಳಬಟ್ಟೆ, ಫ್ಲೀಸ್, ಗರಿಯ ಜಾಕೆಟ್, ಮೇಲೆ ಗಾಳಿ-ಮಳೆ ತಡೆಯುವ ಪದರ, ಎರಡು ಜೊತೆ ಕೈಗವಸು. ಸ್ಲೀಪಿಂಗ್ ಬ್ಯಾಗ್ ಬಾಡಿಗೆ ತರುವಾಗ ‘ಕಂಫರ್ಟ್’ ಎಂದು ಬರೆದ ಉಷ್ಣಾಂಶ ನೋಡಿ. ‘ಎಕ್ಸ್‌ಟ್ರೀಮ್’ ಅಂಕಿ ಬರೀ ಜೀವ ಉಳಿಯುವ ಮಟ್ಟ, ನಿದ್ದೆ ಬರುವ ಮಟ್ಟವಲ್ಲ.

ನಮ್ಮ ಅವಳಿನಗರದ ಆಯೋಜಕರಲ್ಲಿ ಒಂದು ಕೋರಿಕೆ. ಕರಪತ್ರದಲ್ಲಿ ಶಿಖರದ ಫೋಟೊ ಜೊತೆಗೆ ಪ್ರತಿ ರಾತ್ರಿ ಮಲಗುವ ಎತ್ತರ, ವಿಶ್ರಾಂತಿಯ ದಿನ, ಕಾಯ್ದಿರಿಸಿದ ಹೆಚ್ಚುವರಿ ದಿನ, ಹಿಂತಿರುಗುವ ಗಡುವು, ತುರ್ತಿನಲ್ಲಿ ಇಳಿಯುವ ಹಾದಿ ಇವೆಲ್ಲವನ್ನೂ ಅಚ್ಚು ಹಾಕಿಸಿ. ಹವಾಮಾನ ಕೆಟ್ಟು ಚಾರಣ ನಿಂತರೆ ಎಷ್ಟು ಹಣ ವಾಪಸು ಎಂಬುದನ್ನೂ ಬರೆಯಿರಿ. ದುಡ್ಡು ಹೋಗುತ್ತದೆಂಬ ಹೆದರಿಕೆ ಇಲ್ಲದ ತಂಡ ಹಿಂತಿರುಗಲು ಬೇಗ ಒಪ್ಪುತ್ತದೆ. ಹೆಸರು ನೋಂದಾಯಿಸುವವರು ಇಷ್ಟಕ್ಕೂ ಬರಹದಲ್ಲಿ ಉತ್ತರ ಕೇಳಲಿ, ಸಿಗದಿದ್ದರೆ ಮುಂಗಡ ಕೊಡದಿರಲಿ.

ಇಂತಿ,
ಚಾರಣ ತರಬೇತುದಾರರು, ಧಾರವಾಡ